ಎಫ್12 ಒತ್ತಿದರೆ ಹೆಡರ್‌ಗೇ ಹೋಗಿ ನಿಲ್ಲುತ್ತೆ, ಅಸಲಿ ಫಂಕ್ಷನ್‌ಗೆ ಹೋಗೋದು ಹೇಗೆ?

ಕೋಡುಬಳೆ:
ಉಬುಂಟು, ವಿಎಸ್ ಕೋಡ್, ಕ್ಲ್ಯಾಂಗ್‌ಡಿ ಎಕ್ಸ್‌ಟೆನ್ಶನ್. (ಕ್ಲ್ಯಾಂಗ್‌ಡಿ ಅಂದರೆ ಸಿ ಕೋಡ್ ಓದಿ ಹೆಸರಿಂದ ಹೆಸರಿಗೆ ಜಿಗಿಯೋಕೆ ಎಡಿಟರ್‌ಗೆ ನೆರವಾಗೋ ಟೂಲ್.) ಓದ್ತಿರೋದು ಲಿನಕ್ಸ್ ಕರ್ನಲ್ ಸೋರ್ಸ್. ಎಫ್12 ಅಂದರೆ ಡೆಫಿನಿಶನ್‌ಗೆ, ಅಂದರೆ ಫಂಕ್ಷನ್ ಬರೆದಿರೋ ಜಾಗಕ್ಕೆ, ಹೋಗೋ ಕೀಲಿ. ವಿಎಫ್‌ಎಸ್_ರೀಡ್ ಮೇಲೆ ಎಫ್12 ಒತ್ತಿದರೆ ಇನ್‌ಕ್ಲೂಡ್/ಲಿನಕ್ಸ್/ಎಫ್‌ಎಸ್.ಎಚ್‌ನ ಡಿಕ್ಲರೇಶನ್ (ಹೆಸರಿನ ಘೋಷಣೆ ಮಾತ್ರ, ಒಳಗಿನ ಕೋಡ್ ಇಲ್ಲ) ತೋರಿಸಿ ನಿಲ್ಲುತ್ತೆ. ಫಂಕ್ಷನ್ ಇರೋದು ಎಫ್‌ಎಸ್/ರೀಡ್_ರೈಟ್.ಸಿ ಫೈಲಿನಲ್ಲಿ. ವಾಪಸ್ ಬರೋಕೆ ಆಲ್ಟ್ + ಎಡ ಬಾಣ ಒತ್ತಿದರೆ ಏನೂ ಆಗಲ್ಲ. ವಿಮ್‌ನಲ್ಲಿ ಸಿಟ್ಯಾಗ್ಸ್ (ಯಾವ ಹೆಸರು ಎಲ್ಲಿದೆ ಅಂತ ಪಟ್ಟಿ ಮಾಡೋ ಟೂಲ್) ಓಡಿಸಿ ಸಿಸ್_ರೀಡ್ ಹುಡುಕಿದರೆ ಟೂಲ್ಸ್/ಇನ್‌ಕ್ಲೂಡ್/ನೋಲಿಬ್‌ಸಿ ಒಳಗಿನ ಸಂಬಂಧವಿಲ್ಲದ ಫಂಕ್ಷನ್‌ಗೆ ಹೋಗುತ್ತೆ. ಎಲ್ಲಿ ಎಡವಟ್ಟಾಗಿದೆ?

ಬೈಟು_ಕಾಫಿ:
ವಾಪಸ್ ಬರೋದು ಸುಲಭ. ಆಲ್ಟ್ + ಎಡ ಬಾಣ ವಿಂಡೋಸ್‌ನದು. ಲಿನಕ್ಸ್‌ನಲ್ಲಿ ಹಿಂದಕ್ಕೆ ಕಂಟ್ರೋಲ್ + ಆಲ್ಟ್ + ಮೈನಸ್, ಮುಂದಕ್ಕೆ ಕಂಟ್ರೋಲ್ + ಶಿಫ್ಟ್ + ಮೈನಸ್. ಆಲ್ಟ್ ಬಿಟ್ಟು ಬರೀ ಕಂಟ್ರೋಲ್ + ಮೈನಸ್ ಒತ್ತಿದರೆ ಅಕ್ಷರ ಚಿಕ್ಕದಾಗುತ್ತೆ, ಗಾಬರಿ ಬೇಡ. ಇದ್ದಲ್ಲೇ ಇಣುಕಿ ನೋಡೋ ಪೀಕ್ ಕೂಡ ಹಾಗೇ: ವಿಂಡೋಸ್‌ನಲ್ಲಿ ಆಲ್ಟ್ + ಎಫ್12, ಲಿನಕ್ಸ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎಫ್10. ಪಕ್ಕದ ಕಿಟಕಿಯಲ್ಲಿ ತೆರೆಯೋಕೆ ಕಂಟ್ರೋಲ್ + ಕೆ ಒತ್ತಿ ಬಿಟ್ಟು, ಆಮೇಲೆ ಎಫ್12.

ಹೆಡರ್‌ನಲ್ಲೇ ನಿಲ್ಲೋದು ಕೀಲಿಯ ತಪ್ಪಲ್ಲ, ಇಂಡೆಕ್ಸ್ (ಯಾವ ಹೆಸರು ಯಾವ ಫೈಲಿನಲ್ಲಿದೆ ಅನ್ನೋ ಪಟ್ಟಿ) ಇಲ್ಲ ಅಷ್ಟೇ. ತೆರೆದಿರೋ ಫೈಲು ಮತ್ತು ಅದು ಇನ್‌ಕ್ಲೂಡ್ ಮಾಡಿರೋ ಹೆಡರ್‌ಗಳು ಮಾತ್ರ ಕ್ಲ್ಯಾಂಗ್‌ಡಿಗೆ ಗೊತ್ತು. ಇನ್ನೊಂದು ಸಿ ಫೈಲಿನಲ್ಲಿ ಏನಿದೆ ಅಂತ ತಿಳಿಯೋಕೆ ಅದಕ್ಕೆ ಕಂಪೈಲ್_ಕಮಾಂಡ್ಸ್.ಜೇಸನ್ (ಯಾವ ಫೈಲನ್ನ ಹೇಗೆ ಕಂಪೈಲ್ ಮಾಡೋದು ಅನ್ನೋ ಪಟ್ಟಿ) ಬೇಕು. ಮೊದಲು ಕರ್ನಲ್ ಬಿಲ್ಡ್ ಮಾಡಿ, ಆಮೇಲೆ ಸೋರ್ಸ್‌ನ ಬುಡದ ಫೋಲ್ಡರಿನಲ್ಲಿ ನಿಂತು 'ಮೇಕ್ ಕಂಪೈಲ್_ಕಮಾಂಡ್ಸ್.ಜೇಸನ್' ಕೊಡಿ. ಬಿಲ್ಡ್ ಉಳಿಸಿಹೋಗೋ .ಸಿಎಂಡಿ ಫೈಲುಗಳಿಂದಲೇ ಆ ಪಟ್ಟಿ ತಯಾರಾಗೋದು. ಹಾಗಾಗಿ ನಿಮ್ಮ ಕಾನ್ಫಿಗ್‌ನಲ್ಲಿ ಆಫ್ ಇರೋ ಡ್ರೈವರ್‌ಗಳು ಅದರಲ್ಲಿ ಇರಲ್ಲ, ಅಲ್ಲಿಗೆ ಎಫ್12 ಮುಂದೆಯೂ ಸರಿಯಾಗಿ ಹೋಗಲ್ಲ. ಕ್ಲ್ಯಾಂಗ್‌ಡಿ ರೀಸ್ಟಾರ್ಟ್ ಮಾಡಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ಇಂಡೆಕ್ಸಿಂಗ್ ಎಣಿಕೆ ಓಡುತ್ತೆ. ಮುಗಿಯೋವರೆಗೂ ಕಾಯಿರಿ, ಅರ್ಧಕ್ಕೇ ಒತ್ತಿ ಬೈಕೋಬೇಡಿ.

ಜಿಸಿಸಿ ಕಂಪೈಲರಿನಿಂದ ಬಿಲ್ಡ್ ಮಾಡಿದ್ದರೆ '-ಎಫ್‌ಕನ್ಸರ್ವ್-ಸ್ಟ್ಯಾಕ್' ಥರದ ಫ್ಲ್ಯಾಗ್‌ಗಳು ಕ್ಲ್ಯಾಂಗ್‌ಗೆ ಅರ್ಥವಾಗದೆ ಮೊದಲ ಸಾಲಿನಲ್ಲೇ ಕೆಂಪು ಗೆರೆ ಬರುತ್ತೆ. .ಕ್ಲ್ಯಾಂಗ್‌ಡಿ ಅನ್ನೋ ಫೈಲಿನ ಕಂಪೈಲ್‌ಫ್ಲ್ಯಾಗ್ಸ್ ಕೆಳಗೆ ರಿಮೂವ್ ಪಟ್ಟಿಗೆ ಅವನ್ನು ಸೇರಿಸಿ, ಇಲ್ಲವೇ 'ಮೇಕ್ ಎಲ್‌ಎಲ್‌ವಿಎಂ=1' ಅಂತಲೇ ಬಿಲ್ಡ್ ಮಾಡಿ.

ಇನ್ನೊಂದು ಮಾತು: ಡೆಫಿನಿಶನ್ ಮೇಲೇ ನಿಂತು ಎಫ್12 ಒತ್ತಿದರೆ ಕ್ಲ್ಯಾಂಗ್‌ಡಿ ಬೇಕಂತಲೇ ಡಿಕ್ಲರೇಶನ್‌ಗೆ ಕರ್ಕೊಂಡು ಹೋಗುತ್ತೆ. ಅದನ್ನ ಬಗ್ ಅಂದ್ಕೋಬೇಡಿ.

ಟ್ಯಾಗುಗಾರ:
ವಿಮ್ ಪ್ರಶ್ನೆಗೆ ನಾನು. ಸಿಸ್_ರೀಡ್ ಅಂತ ಹೆಸರಿಟ್ಟು ಯಾರೂ ಆ ಫಂಕ್ಷನ್ ಬರೆದಿಲ್ಲ. ರೀಡ್_ರೈಟ್.ಸಿಯಲ್ಲಿ ಇರೋದು ಸಿಸ್‌ಕಾಲ್_ಡಿಫೈನ್3(ರೀಡ್, ...) ಅನ್ನೋ ಮ್ಯಾಕ್ರೋ (ಕಂಪೈಲ್ ಆಗೋ ಮುಂಚೆ ಬೇರೆ ಕೋಡ್ ಆಗಿ ಬಿಡಿಸಿಕೊಳ್ಳೋ ಹೆಸರು). ಮ್ಯಾಕ್ರೋ ಬಿಡಿಸಿ ನೋಡೋದು ಬರೀ ಸಿಟ್ಯಾಗ್ಸ್‌ಗೆ ಗೊತ್ತಿಲ್ಲ. ಅದಕ್ಕೇ ಕರ್ನಲ್‌ನಲ್ಲೇ 'ಮೇಕ್ ಟ್ಯಾಗ್ಸ್' ಇದೆ. ಅದು ಓಡಿಸೋ ಸ್ಕ್ರಿಪ್ಟ್ಸ್/ಟ್ಯಾಗ್ಸ್.ಎಸ್‌ಎಚ್ ಈ ಮ್ಯಾಕ್ರೋಗಳಿಗೆ ರೆಜೆಕ್ಸ್ (ಪಠ್ಯ ಹುಡುಕೋ ಮಾದರಿ) ಕೊಟ್ಟು ಸಿಸ್_ರೀಡ್ ಅನ್ನೋ ಟ್ಯಾಗ್ ಹುಟ್ಟಿಸುತ್ತೆ, ಟೂಲ್ಸ್ ಫೋಲ್ಡರನ್ನೂ ಬಿಟ್ಟುಬಿಡುತ್ತೆ. ಮುಂದೆ 'ಕಂಪೈಲ್ಡ್_ಸೋರ್ಸ್=1' ಸೇರಿಸಿದರೆ ಬಿಲ್ಡ್ ಆದ ಫೈಲುಗಳಿಗಷ್ಟೇ ಟ್ಯಾಗ್.

ಕೀಲಿಗಳು: ಕಂಟ್ರೋಲ್ + ] ಹೋಗೋಕೆ, ಕಂಟ್ರೋಲ್ + ಟಿ ಬರೋಕೆ. ಬರೋಕೆ ಕಂಟ್ರೋಲ್ + ಓ ಕೂಡ ಬಳಸ್ತಾರೆ, ಆದರೆ ಅದು ನಡುವೆ ಮಾಡಿದ ಹುಡುಕಾಟ, ಜಿಗಿತ ಎಲ್ಲ ಒಂದೊಂದಾಗಿ ಮೆಟ್ಟಿಲಿಳಿದ ಹಾಗೆ ಬರುತ್ತೆ. ಕಂಟ್ರೋಲ್ + ಟಿ ಸೀದಾ ಟ್ಯಾಗ್ ಹಾರಿದ ಜಾಗಕ್ಕೇ. ಒಂದೇ ಹೆಸರಿಗೆ ಹತ್ತು ಟ್ಯಾಗ್ ಇದ್ದಾಗ ಕಂಟ್ರೋಲ್ + ] ಪಟ್ಟಿ ತೋರಿಸದೆ ಒಂದಕ್ಕೆ ಹಾರಿಬಿಡುತ್ತೆ. ಕರ್ನಲ್‌ನಲ್ಲಿ ಜಿ ಒತ್ತಿ ಆಮೇಲೆ ಕಂಟ್ರೋಲ್ + ] ಒತ್ತೋದೇ ರೂಢಿ ಮಾಡ್ಕೊಳ್ಳಿ. ಒಂದೇ ಇದ್ದರೆ ಹಾರುತ್ತೆ, ಹೆಚ್ಚಿದ್ದರೆ ಪಟ್ಟಿ ಕೊಡುತ್ತೆ.

ಇ433 ಅಂತ ಎರರ್ ಬಂದರೆ ಟ್ಯಾಗ್ಸ್ ಫೈಲ್ ಸಿಕ್ಕಿಲ್ಲ. ಒಳಗಿನ ಫೋಲ್ಡರಿನಿಂದ ವಿಮ್ ತೆರೆದಾಗ ಹೀಗಾಗುತ್ತೆ. ವಿಮ್‌ಆರ್‌ಸಿಯಲ್ಲಿ 'ಸೆಟ್ ಟ್ಯಾಗ್ಸ್=./ಟ್ಯಾಗ್ಸ್;' ಹಾಕಿ. ಕೊನೆಯ ಸೆಮಿಕೋಲನ್ ಇದ್ದರೇನೇ ಮೇಲಿನ ಫೋಲ್ಡರ್‌ಗಳಲ್ಲಿ ಹುಡುಕೋದು. ನಿಯೋವಿಮ್‌ನಲ್ಲಿ ಅದು ಮೊದಲೇ ಇದೆ.

ಕೋಡುಬಳೆ:
ಎರಡೂ ಕೆಲಸ ಮಾಡಿತು. ಆದರೆ ವಿಎಫ್‌ಎಸ್_ರೀಡ್ ಒಳಗೆ ಫೈಲ್->ಎಫ್_ಆಪ್->ರೀಡ್_ಐಟರ್ ಮೇಲೆ ಎಫ್12 ಒತ್ತಿದರೆ ಸ್ಟ್ರಕ್ಟ್ ಫೈಲ್_ಆಪರೇಶನ್ಸ್‌ಗೇ ಹೋಗುತ್ತೆ?

ಬೈಟು_ಕಾಫಿ:
ಅದು ಸರಿಯಾದ ಉತ್ತರವೇ. ಫಂಕ್ಷನ್ ಪಾಯಿಂಟರ್ ಯಾವುದನ್ನ ತೋರಿಸುತ್ತೆ ಅನ್ನೋದು ಓಡೋವಾಗ ತೀರ್ಮಾನ ಆಗೋದು, ಎಡಿಟರ್‌ಗೆ ಹೇಗೆ ಗೊತ್ತಾಗಬೇಕು ಹೇಳಿ. ರೀಡ್_ಐಟರ್ ಮೇಲೆ ಶಿಫ್ಟ್ + ಎಫ್12 ಒತ್ತಿ. ಬಳಸಿದ ಜಾಗಗಳ ಪಟ್ಟಿಯಲ್ಲಿ '.ರೀಡ್_ಐಟರ್ =' ಅಂತಿರೋ ಸಾಲುಗಳನ್ನ ಮಾತ್ರ ನೋಡಿ. ಎಫ್‌ಎಸ್/ಎಕ್ಸ್ಟ್4/ಫೈಲ್.ಸಿಯ ಸಾಲು ಎಕ್ಸ್ಟ್4_ಫೈಲ್_ರೀಡ್_ಐಟರ್‌ಗೆ ದಾರಿ. ಇಲ್ಲೂ ಇಂಡೆಕ್ಸ್ ಆದ ಫೈಲುಗಳಷ್ಟೇ ಬರೋದು. ಪೂರ್ತಿ ಬೇಕಾದರೆ ಅದೇ ಸಾಲನ್ನ 'ಗಿಟ್ ಗ್ರೆಪ್' (ಇಡೀ ಸೋರ್ಸ್‌ನಲ್ಲಿ ಪಠ್ಯ ಹುಡುಕೋ ಕಮಾಂಡ್) ಮಾಡೋದೇ ವಾಸಿ.

ಟ್ಯಾಗುಗಾರ:
ಹೌದು, ಗ್ರೆಪ್‌ಗೆ ಸಮ ಇಲ್ಲ. ಹಳೇ ವಿಮ್ ಲೇಖನಗಳಲ್ಲಿ ಇದಕ್ಕೆ ಸಿಸ್ಕೋಪ್ (ಸಿ ಕೋಡ್‌ನಲ್ಲಿ ಹುಡುಕೋ ಇನ್ನೊಂದು ಟೂಲ್) ಹೇಳಿರ್ತಾರೆ. ನಿಯೋವಿಮ್ 0.9ರಿಂದ ಅದರ ಬೆಂಬಲ ತೆಗೆದುಹಾಕಿದ್ದಾರೆ, ಹುಡುಕಿ ಸುಸ್ತಾಗಬೇಡಿ.

ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆ ಆನ್ ಇದ್ದಾಗ ವಿಮ್‌ನಲ್ಲಿ ಜಿಡಿ (ಡಿಕ್ಲರೇಶನ್‌ಗೆ ಹೋಗೋ ಕೀಲಿಗಳು) ಒತ್ತಿದರೆ ಹೋಗೋದು ಉಕಾರದ ಕೊಂಬು ಮತ್ತು ಹಲಂತ. 'ಶಾರ್ಟ್‌ಕಟ್ ಕೆಲಸ ಮಾಡ್ತಿಲ್ಲ' ಅನ್ನೋ ಮುಂಚೆ ಮೇಲಿನ ಪಟ್ಟಿಯಲ್ಲಿ ಯಾವ ಭಾಷೆ ಇದೆ ಅಂತ ಒಮ್ಮೆ ನೋಡ್ಕೊಳ್ಳಿ.

ಕೋಡುಬಳೆ:
ಶಿಫ್ಟ್ + ಎಫ್12 ಪಟ್ಟಿಯಲ್ಲಿ ಎಕ್ಸ್ಟ್4 ಫೈಲ್ ಸಿಸ್ಟಮ್ ಸಿಕ್ಕಿತು. ಇನ್ನೊಂದು ಫೈಲ್ ಸಿಸ್ಟಮ್ ಬಿಟಿಆರ್‌ಎಫ್‌ಎಸ್ ಇಲ್ಲ, ಕಾನ್ಫಿಗ್‌ನಲ್ಲಿ ಆಫ್ ಇದೆ. ಅದಕ್ಕೆ ಗ್ರೆಪ್ ಮಾಡ್ತೀನಿ. ಥ್ಯಾಂಕ್ಸ್ ಇಬ್ಬರಿಗೂ.