ಕೈಗಾದ ಹೊಸ ಘಟಕಗಳು: ಖರ್ಚು ಮತ್ತು ಸುರಕ್ಷತೆಯ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ (ಮಲ್ಲಾಪುರದಿಂದ):
ಎಲ್ಲರಿಗೂ ನಮಸ್ಕಾರ. ಕಾಳಿ ನದಿಯ ದಡದ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಈಗಿರುವ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಜೊತೆಗೆ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಬರಲಿವೆ. ಸೌರವಿದ್ಯುತ್ತು ಯೂನಿಟ್ಟಿಗೆ ಎರಡೂವರೆ, ಮೂರು ರೂಪಾಯಿಗೆ ಸಿಗುವ ಕಾಲದಲ್ಲಿ ಇದಕ್ಕೆ ಇಷ್ಟೊಂದು ಹಣ ಹಾಕುವುದು ಸರಿಯೇ, ಪಕ್ಕದಲ್ಲೇ ಬದುಕುವ ನಮಗೆ ಅಪಾಯವೆಷ್ಟು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ನಿವೃತ್ತ ವಿದ್ಯುತ್ ಎಂಜಿನಿಯರ್):
ಅಣುವಿದ್ಯುತ್ತಿನಲ್ಲಿ ಇಂಧನದ ಖರ್ಚು ಕಡಿಮೆ. ಹೊರೆಯೆಲ್ಲ ಕಟ್ಟುವ ವರ್ಷಗಳದ್ದು ಮತ್ತು ಆ ವರ್ಷಗಳಲ್ಲಿ ಬೆಳೆಯುವ ಬಡ್ಡಿಯದ್ದು. ಕೈಗಾದಲ್ಲೇ ನೋಡಿ. 1989ರಲ್ಲಿ ಆರಂಭವಾದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು 1994ರಲ್ಲಿ ಕಳಚಿ ಬಿದ್ದು, ವಾಣಿಜ್ಯ ಉತ್ಪಾದನೆ ಶುರುವಾಗುವಾಗ 2000ನೇ ಇಸವಿ ಬಂದಿತ್ತು. ಅಷ್ಟೇ ಸಾಮರ್ಥ್ಯದ ಮೂರನೇ ಘಟಕವಾದರೋ 2002ರಲ್ಲಿ ಆರಂಭವಾಗಿ 2007ರಲ್ಲಿ ಮುಗಿಯಿತು. ಆದ್ದರಿಂದ ಹೊಸ ಘಟಕಗಳು ಎಷ್ಟು ವರ್ಷದಲ್ಲಿ ಮುಗಿಯುತ್ತವೆ ಎಂಬುದನ್ನೇ ಮೊದಲು ಕೇಳಬೇಕು.

ಇನ್ನು, ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನಿಂದ ದಿನದ ಸರಾಸರಿಯಲ್ಲಿ ಸಿಗುವುದು ಅದರ ಸುಮಾರು ಕಾಲು ಭಾಗ. ಸಂಜೆ ಏಳಕ್ಕೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಏನೂ ಇಲ್ಲ. ಅದೇ ಕೈಗಾದ ಮೊದಲ ಘಟಕ 2016ರ ಮೇಯಿಂದ 2018ರ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವ ಖರ್ಚನ್ನು ಸೇರಿಸದೆ ಎರಡರ ದರವನ್ನು ಹೋಲಿಸುವುದು ನ್ಯಾಯವಲ್ಲ.

ಉತ್ತರ (ರಾಯಚೂರು ಕಡೆಯಿಂದ):
ನಾನು ಹುಟ್ಟಿ ಬೆಳೆದದ್ದು ಕಲ್ಲಿದ್ದಲು ಸ್ಥಾವರವೊಂದರ ಪಕ್ಕದ ಊರಿನಲ್ಲಿ. ಒಣಹಾಕಿದ ಸೀರೆಯನ್ನು ಅವ್ವ ಮಡಚುವ ಮುಂಚೆ ಎರಡು ಸಲ ಕೊಡವುತ್ತಿದ್ದಳು, ಬೂದಿ ಉದುರಲೆಂದು. 100 ಕೋಟಿ ಯೂನಿಟ್ಟಿಗೆ ಕಲ್ಲಿದ್ದಲಿನಿಂದ ಸುಮಾರು 25 ಸಾವು, ಅಣುವಿದ್ಯುತ್ತಿನಿಂದ ಚೆರ್ನೋಬಿಲ್, ಫುಕುಶಿಮಾ ಅಣುಸ್ಥಾವರ ದುರಂತಗಳನ್ನು ಸೇರಿಸಿಯೂ 0.03 ಎಂಬ ಅಂದಾಜಿದೆ. ಹೊಗೆಯಿಂದ ಸತ್ತವರು ಸುದ್ದಿಯಾಗುವುದಿಲ್ಲ, ಅಷ್ಟೇ.

ಉತ್ತರ (ಶಿರಸಿಯಿಂದ):
ಆ ಅಂಕಿಯನ್ನು ಒಪ್ಪುತ್ತೇನೆ. ಆದರೆ ಸುರಕ್ಷತೆಯೆಂದರೆ ಸಾವಿನ ಎಣಿಕೆಯೊಂದೇ ಅಲ್ಲ. 2011ರಲ್ಲಿ ಫುಕುಶಿಮಾದ ಸುತ್ತ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಕೈಗಾದಲ್ಲೂ 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಜಲಜನಕ) ಸೇರಿ, ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಹೊಕ್ಕಿದ್ದು ಮೂತ್ರ ಪರೀಕ್ಷೆಯಿಂದ ಗೊತ್ತಾಯಿತು. ನಿಯತವಾಗಿ ಪರೀಕ್ಷೆ ನಡೆಯುತ್ತಿದ್ದುದರಿಂದಲೇ ಅದು ಸಿಕ್ಕಿತೆಂಬುದು ಸಮಾಧಾನದ ಮಾತು. ಹೊರಗಿನ ಊರುಗಳಿಗೂ ಅಂಥ ಭರವಸೆ ಬೇಕು.

ಪ್ರಶ್ನಿಸಿದವರು:
ತಮಗೆಲ್ಲ ಕೃತಜ್ಞತೆಗಳು. ಇಲ್ಲಿಯ ಹಾಲು, ಮೀನು, ನೀರಿನ ಮಾದರಿಗಳನ್ನು ಕೇಂದ್ರದ ಪ್ರಯೋಗಾಲಯ ಪರೀಕ್ಷಿಸುತ್ತದೆ. ಆ ಫಲಿತಾಂಶಗಳನ್ನು ಕನ್ನಡದಲ್ಲಿ, ಪಂಚಾಯಿತಿಯ ಫಲಕದ ಮೇಲೆ ಪ್ರತಿ ತಿಂಗಳು ಹಾಕಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳುತ್ತೇನೆ. ಘಟಕಗಳು ಮುಗಿಯುವ ದಿನಾಂಕವನ್ನೂ ಅದರಲ್ಲೇ ಕೇಳುತ್ತೇನೆ.