ಕೆಲಸ ಬಲ್ಲವರಿಗೆ ಸಂವಹನದ ತರಬೇತಿ ಬೇಕೇ?

ಪ್ರಶ್ನೆ: ನಾನು ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿ. ಹೊಸಬರ ತರಬೇತಿಯಲ್ಲಿ ಸಂವಹನಕ್ಕೂ ಸಮಯ ಮೀಸಲಿಡಬೇಕೆಂದು ಕೇಳಿದಾಗ, ಕೆಲಸ ಕೈಹತ್ತಿದರೆ ಮಾತು ತಾನಾಗಿಯೇ ಬರುತ್ತದೆ ಎಂಬ ಉತ್ತರ ದೊರೆಯಿತು. ಇದನ್ನು ಒಪ್ಪಬಹುದೇ?

ಉತ್ತರ 1: ಖಂಡಿತ ಒಪ್ಪಲಾಗದು. ವಿಮಾನಯಾನ ಕ್ಷೇತ್ರ ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಇಂಧನ ಮುಗಿದು ನೆಲಕ್ಕಪ್ಪಳಿಸಿ 10 ಮಂದಿ ಮೃತಪಟ್ಟರು. ಚಕ್ರದ ದೋಷದಲ್ಲೇ ಮುಳುಗಿದ್ದ ಅನುಭವಿ ಕ್ಯಾಪ್ಟನ್ ವಿಮಾನವನ್ನು ಸುಮಾರು ಒಂದು ಗಂಟೆ ಸುತ್ತು ಹಾಕಿಸುತ್ತಿದ್ದಾಗ, ಇಂಧನ ಇಳಿಯುತ್ತಿದ್ದುದು ಜೊತೆಯವರಿಗೆ ತಿಳಿದಿತ್ತು. ಆದರೆ ಅಪಾಯವನ್ನು ಅವರು ಖಡಾಖಂಡಿತವಾಗಿ ಹೇಳಲಿಲ್ಲ. ಅಲ್ಲಿ ಕೊರತೆಯಾದದ್ದು ತಾಂತ್ರಿಕ ಜ್ಞಾನವಲ್ಲ. 1981ರಲ್ಲಿ ಅದೇ ಸಂಸ್ಥೆ, ಕಿರಿಯರು ದಿಟ್ಟವಾಗಿ ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಕಲಿಸುವ ತರಬೇತಿಯನ್ನು ಆರಂಭಿಸಿತು.

ಉತ್ತರ 2: ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಎಸ್‌ಬಿಎಆರ್ ಎಂಬ ಕ್ರಮವಿದೆ: ಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ. ರಾತ್ರಿ ಪಾಳಿಯಲ್ಲಿ ವೈದ್ಯರಿಗೆ ಕರೆ ಮಾಡಿ “ಸರ್, ರೋಗಿಗೆ ಯಾಕೋ ಸುಸ್ತು” ಎನ್ನುವುದಕ್ಕೂ, “ಸರ್, ಐದನೇ ಬೆಡ್‌ನ ರೋಗಿಯ ಬಿಪಿ 80/50ಕ್ಕೆ ಇಳಿದಿದೆ, ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ, ಒಳಗೆ ರಕ್ತಸ್ರಾವ ಇರಬಹುದು ಅನಿಸುತ್ತಿದೆ, ದಯವಿಟ್ಟು ಈಗಲೇ ಬನ್ನಿ” ಎನ್ನುವುದಕ್ಕೂ ಜೀವ ಉಳಿಯುವಷ್ಟು ವ್ಯತ್ಯಾಸವಿದೆ. ಗಾಬರಿಯ ಹೊತ್ತಿನಲ್ಲಿ ಇಂಥ ಮಾತು ಅಭ್ಯಾಸವಿಲ್ಲದೆ ಬಾಯಿಗೆ ಬರುವುದಿಲ್ಲ.

ಉತ್ತರ 3: ತರಬೇತಿಯಲ್ಲಿ ವೈದ್ಯರನ್ನೂ ಕೂರಿಸಿ. ಕರೆ ಮಾಡಿದ್ದಕ್ಕೇ ಗದರಿಸಿಕೊಂಡ ಶುಶ್ರೂಷಕಿ ಮುಂದಿನ ಬಾರಿ ಫೋನ್ ಎತ್ತಲು ಹಿಂಜರಿಯುತ್ತಾರೆ.