ಮಗುವಿನ ಮೋಟಬಿಲಿಟಿ ಕಾರನ್ನು ಮನೆಯವರಲ್ಲಿ ಯಾರು, ಯಾವ ಕೆಲಸಕ್ಕೆ ಓಡಿಸಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ನಮ್ಮ ಏಳು ವರ್ಷದ ಕಿರಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದ್ದು, ಅಂಗವೈಕಲ್ಯವುಳ್ಳ ಮಕ್ಕಳಿಗೆ ಸರ್ಕಾರ ಕೊಡುವ ಡಿಎಲ್‌ಎ ಭತ್ಯೆಯಲ್ಲಿ ಅವನ ಓಡಾಟಕ್ಕೆ ಸಂಬಂಧಿಸಿದ ಭಾಗವು ಹೈಯರ್ ರೇಟಿನಲ್ಲಿ ಮಂಜೂರಾಗಿದೆ. ಆ ಹಣವನ್ನು ನೇರವಾಗಿ ಪಡೆಯುವ ಬದಲು ಮೋಟಬಿಲಿಟಿ ಯೋಜನೆಯಡಿ ಕಾರನ್ನು ಲೀಸಿಗೆ ತೆಗೆದುಕೊಳ್ಳಬೇಕೆಂದು ಯೋಚಿಸಿದ್ದೇವೆ. ಸಹಿ ಹಾಕುವ ಮೊದಲು ಕೆಲವು ಸಂಗತಿಗಳು ಸ್ಪಷ್ಟವಾಗಬೇಕಿದೆ, ಏಕೆಂದರೆ ಪರಿಚಯದವರೊಬ್ಬರು ಮಗು ಕಾರಿನಲ್ಲಿ ಇಲ್ಲದಿರುವಾಗ ಅದನ್ನು ಮುಟ್ಟಲೂಬಾರದು ಎನ್ನುತ್ತಾರೆ, ಇನ್ನೊಬ್ಬರು ಒಮ್ಮೆ ಕೈಗೆ ಬಂದ ಮೇಲೆ ಅದು ಮನೆಯ ಕಾರೇ ಎನ್ನುತ್ತಾರೆ.

ಮಗ ಶಾಲೆಯಲ್ಲಿರುವಾಗ ನಾನು ಅದೇ ಕಾರಿನಲ್ಲಿ ಸಾಮಾನು ತರಲು ಹೋಗಬಹುದೇ? ನನ್ನ ಯಜಮಾನರು ಅವನನ್ನು ಶಾಲೆಗೆ ಬಿಟ್ಟು ಹಾಗೆಯೇ ಕಚೇರಿಗೆ ಹೋಗಬಹುದೇ? ಹತ್ತೊಂಬತ್ತು ವರ್ಷದ ಹಿರಿಯ ಮಗ ಈಚೆಗಷ್ಟೇ ಡ್ರೈವಿಂಗ್ ಟೆಸ್ಟ್ ಪಾಸಾಗಿದ್ದಾನೆ, ಅವನು ಓಡಿಸಬಹುದೇ? ಬೇಸಿಗೆಯಲ್ಲಿ ನಮ್ಮ ಮಾವನವರು ಭಾರತದಿಂದ ಬರುತ್ತಾರೆ, ಅವರ ಬಳಿ ಅಲ್ಲಿಯ ಲೈಸೆನ್ಸ್ ಮಾತ್ರ ಇದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಮಸ್ಕಾರ ಸಹೋದರಿ. ನಮ್ಮ ಮಗಳ ಹೆಸರಿನಲ್ಲಿಯೂ ಇದೇ ಯೋಜನೆಯ ಕಾರು ಇರುವುದರಿಂದ ಬರೆಯುತ್ತಿದ್ದೇನೆ. ತಮಗೆ ಸಲಹೆ ಕೊಟ್ಟ ಇಬ್ಬರ ಮಾತೂ ಸರಿಯಲ್ಲ. ಕಾರನ್ನು ಅಂಗವೈಕಲ್ಯವುಳ್ಳ ವ್ಯಕ್ತಿಯೇ ಬಳಸಬೇಕು, ಇಲ್ಲವೇ ಅವರ ಪ್ರಯೋಜನಕ್ಕಾಗಿ ಬೇರೆಯವರು ಬಳಸಬೇಕು ಎಂಬುದು ಯೋಜನೆಯ ಮೂಲ ನಿಯಮ. ಪ್ರತಿ ಪ್ರಯಾಣದಲ್ಲಿಯೂ ಮಗು ಕಾರಿನೊಳಗೆ ಇರಲೇಬೇಕೆಂದು ಅದು ಹೇಳುವುದಿಲ್ಲ. ಮೂರು ವರ್ಷ ತುಂಬಿದ ಮಕ್ಕಳಿಗೇ ಹೈಯರ್ ರೇಟ್ ಸಿಗಬಹುದಾದ್ದರಿಂದ, ಇಷ್ಟು ಚಿಕ್ಕವರ ಕಾರನ್ನು ಓಡಿಸುವವರು ಮನೆಯವರೇ ಎಂಬುದು ಯೋಜನೆ ನಡೆಸುವವರಿಗೂ ಚೆನ್ನಾಗಿ ಗೊತ್ತಿದೆ.

ಹಾಗಾಗಿ ಮಗ ಶಾಲೆಯಲ್ಲಿರುವಾಗ ತಾವು ಔಷಧಿ ಅಂಗಡಿಗೆ ಹೋಗಿ ಅವನ ಫೀಡಿಂಗ್ ಟ್ಯೂಬಿನ ಸಿರಿಂಜುಗಳನ್ನು ತಂದರೆ, ಸವೆದ ಗಾಲಿಕುರ್ಚಿಯ ಚಕ್ರವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ರಿಪೇರಿಗೆ ಕೊಟ್ಟು ಬಂದರೆ, ಅವನೂ ಉಣ್ಣುವ ಮನೆಗೆ ವಾರದ ದಿನಸಿ ತಂದರೆ, ಅವೆಲ್ಲ ಅವನ ಪ್ರಯೋಜನದ ಕೆಲಸಗಳೇ. ಯಜಮಾನರು ಅವನನ್ನು ಶಾಲೆಗೆ ಬಿಟ್ಟು ಅಲ್ಲಿಂದ ಕಚೇರಿಗೆ ಹೋಗುವುದೂ, ಸಂಜೆ ಅವನನ್ನು ಕರೆತರಲು ಅದೇ ಕಾರು ಬೇಕಾಗುವುದಾದರೆ, ಅವನ ದಿನಚರಿಗೆ ಹೊಂದಿಕೊಂಡೇ ಇದೆ. ಆದರೆ ಬೆಳಿಗ್ಗೆ ಏಳಕ್ಕೆ ಕಾರು ಕಚೇರಿಯ ಕಡೆ ಹೊರಟುಹೋಗಿ, ಮಗು ಟ್ಯಾಕ್ಸಿಗೋ ಶಾಲೆಯ ವ್ಯಾನಿಗೋ ಕಾಯುವಂತಾದರೆ, ಆ ಕಾರು ಇರುವುದು ಯಾರಿಗಾಗಿ ಎಂದು ಕೇಳಿದವರಿಗೆ ಕೊಡಲು ಉತ್ತರವಿರುವುದಿಲ್ಲ. ದುರುಪಯೋಗದ ದೂರು ಬಂದಾಗ ಯೋಜನೆಯವರು ವಿಚಾರಿಸುತ್ತಾರೆ, ಲೀಸನ್ನು ರದ್ದುಮಾಡುವ ಅಧಿಕಾರವೂ ಅವರಿಗಿದೆ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಲೀಸಿಗೆ ಕೊಡುತ್ತಿರುವುದು ನಮ್ಮ ಸಂಬಳವಲ್ಲ, ಮಗುವಿನ ಭತ್ಯೆ. 2025-26ನೇ ಸಾಲಿನಲ್ಲಿ ಅದು ವಾರಕ್ಕೆ 77.05 ಪೌಂಡ್ ಇತ್ತು. ಮಗುವಿನ ಪರವಾಗಿ ಅಪಾಯಿಂಟಿಯಾಗಿ ಸಹಿ ಹಾಕುವ ತಂದೆಯೋ ತಾಯಿಯೋ ಆ ಹಣವನ್ನು ಅವನ ಹಿತಕ್ಕಾಗಿ ನಿರ್ವಹಿಸುವವರು ಮಾತ್ರ. ದಿನಕ್ಕೆ ಹತ್ತು ಬಾರಿ ನಿಯಮಪುಸ್ತಕ ತೆರೆದು ನೋಡುವ ಅಗತ್ಯವಿಲ್ಲ. ಈ ಪ್ರಯಾಣದಿಂದ ಅವನಿಗೇನಾಯಿತು ಎಂದು ಯಾರಾದರೂ ಕೇಳಿದರೆ ನೇರವಾಗಿ ಹೇಳಬಲ್ಲೆವೇ ಎಂದು ಯೋಚಿಸಿದರೆ ಬಹುಪಾಲು ಸಂದೇಹಗಳು ಬಗೆಹರಿಯುತ್ತವೆ.

ಎರಡನೆಯ ಉತ್ತರ

ಮೇಲಿನವರು ಪ್ರಯಾಣದ ಉದ್ದೇಶವನ್ನು ಸರಿಯಾಗಿಯೇ ವಿವರಿಸಿದ್ದಾರೆ. ಅದಕ್ಕಿಂತ ಮೊದಲು ದಾಟಬೇಕಾದ ಹೊಸ್ತಿಲು ವಿಮೆ, ಅದರ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. ಈ ಯೋಜನೆಯಲ್ಲಿ ವಿಮೆಯು ಲೀಸಿನೊಳಗೇ ಸೇರಿರುತ್ತದೆ, ಆದರೆ ಅದು ರಕ್ಷಿಸುವುದು ವಿಮಾಪತ್ರದಲ್ಲಿ ಹೆಸರಿರುವ ಚಾಲಕರನ್ನು ಮಾತ್ರ. ಇಲ್ಲಿ ಎಲ್ಲರೂ ನೇಮ್ಡ್ ಡ್ರೈವರ್ ಎನ್ನುವುದು ಇವರನ್ನೇ. ಅಮ್ಮ, ಅಪ್ಪ, ಅಜ್ಜಿ, ಆರೈಕೆಯವರು ಯಾರನ್ನಾದರೂ ಸೇರಿಸಲು ಕೇಳಿಕೊಳ್ಳಬಹುದು, ರಕ್ತಸಂಬಂಧವೇ ಇರಬೇಕೆಂಬ ಷರತ್ತಿಲ್ಲ. ಆದರೆ ಚಾಲಕರ ಸಂಖ್ಯೆಗೆ ಮಿತಿಯಿದೆ, ಹಿಂದಿನ ಅಪಘಾತ ಮತ್ತು ದಂಡಗಳ ವಿವರವನ್ನು ಕೇಳುತ್ತಾರೆ, ಚಾಲಕರು ಮಗುವಿನ ಮನೆಯಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಗಮನಿಸುತ್ತಾರೆ. ಮಗುವಿನಿಂದ ದೂರ ವಾಸಿಸುವವರ ಬಳಿ ಕಾರು ದಿನಗಟ್ಟಲೆ ಇರುವುದು ಸಹಜವಾಗಿಯೇ ಸಂಶಯ ಹುಟ್ಟಿಸುತ್ತದೆ.

ಹಿರಿಯ ಮಗನ ವಿಚಾರದಲ್ಲಿ ಹೆಚ್ಚು ಎಚ್ಚರ ಬೇಕು. ಇಪ್ಪತ್ತೈದು ತುಂಬದವರನ್ನು ಸೇರಿಸುವಾಗ ಕಾರಿನ ಎಂಜಿನ್ ಶಕ್ತಿ ಮತ್ತು ವಿಮಾ ಗುಂಪಿನ (ವಿಮೆಗಾಗಿ ಕಾರುಗಳನ್ನು ವಿಂಗಡಿಸುವ ದರ್ಜೆಯ) ಮೇಲೆ ನಿರ್ಬಂಧಗಳಿರುತ್ತವೆ. ಆದ್ದರಿಂದ ಕಾರನ್ನು ಆರಿಸಿದ ಮೇಲೆ ಅವನ ಹೆಸರನ್ನು ಎತ್ತುವುದಕ್ಕಿಂತ ಡೀಲರ್ ಮುಂದೆ ಕುಳಿತಾಗಲೇ ಹೇಳಿಬಿಡಿ. ಗಾಲಿಕುರ್ಚಿಗೆ ಜಾಗವಿರುವ ದೊಡ್ಡ ಕಾರು ಅವನ ವಯಸ್ಸಿಗೆ ಒಪ್ಪಿಗೆಯಾಗದೆಯೂ ಹೋಗಬಹುದು. ಅವನ ಹೆಸರು ಸೇರುವ ತನಕ, ಐದು ನಿಮಿಷದ ದಾರಿಯಾದರೂ, ಕೀಲಿಕೈ ಕೊಡಬೇಡಿ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಸ್ಥಳದಲ್ಲಿ ವಿಧಿಸುವ ದಂಡವೇ 300 ಪೌಂಡ್, ಜೊತೆಗೆ ಲೈಸೆನ್ಸಿನಲ್ಲಿ ತಪ್ಪಿಗಾಗಿ ದಾಖಲಾಗುವ ಆರು ಪಾಯಿಂಟ್. ಟೆಸ್ಟ್ ಪಾಸಾದ ಮೊದಲ ಎರಡು ವರ್ಷಗಳಲ್ಲಿ ಆರು ಪಾಯಿಂಟ್ ತುಂಬಿದರೆ ಲೈಸೆನ್ಸ್ ರದ್ದಾಗುತ್ತದೆ, ಅಂದರೆ ಅವನು ಪ್ರಾವಿಷನಲ್ (ಕಲಿಯುವವರ) ಲೈಸೆನ್ಸ್ ಪಡೆಯುವುದರಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಪೊಲೀಸರು ಕಾರನ್ನೂ ವಶಪಡಿಸಿಕೊಳ್ಳಬಹುದು. ಆಗ ಆಸ್ಪತ್ರೆಗೆ ಹೋಗಲು ವಾಹನವಿಲ್ಲದೆ ಕೂರುವವನು ಕಿರಿಯವನು.

ಮಾವನವರ ಕುರಿತು: ಪ್ರವಾಸಿಗರು ಭಾರತದ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳವರೆಗೆ ಇಲ್ಲಿ ಕಾರು ಓಡಿಸಲು ಕಾನೂನಿನ ಅವಕಾಶವಿದೆ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ವಿಮೆ ಒಪ್ಪಿದಂತಾಗುವುದಿಲ್ಲ. ಅವರ ಹೆಸರನ್ನು ಸೇರಿಸಿ, ಲಿಖಿತ ಒಪ್ಪಿಗೆ ಬರುವವರೆಗೆ ಅವರು ಪಕ್ಕದ ಸೀಟಿನಲ್ಲಿ ಕೂರುವುದೇ ಕ್ಷೇಮ.

ಮತ್ತೊಂದು ಮಾತು. ಊಟ ಅಥವಾ ಪಾರ್ಸೆಲ್ ತಲುಪಿಸುವ ಕೆಲಸಕ್ಕೆ, ಬಾಡಿಗೆಗೆ ಜನರನ್ನು ಕರೆದೊಯ್ಯಲು ಈ ಕಾರನ್ನು ಬಳಸುವಂತಿಲ್ಲ. ಸಂಜೆಯ ವೇಳೆ ಅಂಥ ಕೆಲಸ ಮಾಡುವ ವಿದ್ಯಾರ್ಥಿಗಳು ಬಹಳ ಮಂದಿ ಇರುವುದರಿಂದ ಹಿರಿಯ ಮಗನಿಗೆ ಇದನ್ನು ಮೊದಲೇ ತಿಳಿಸಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಮಗನಿಗೆ ಬ್ಲೂ ಬ್ಯಾಡ್ಜ್ (ಅಂಗವೈಕಲ್ಯವುಳ್ಳವರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಲು ಕೊಡುವ ಪರವಾನಗಿ) ಇದೆ. ನಾನೊಬ್ಬಳೇ ಅವನ ಔಷಧಿ ತರಲು ಹೋದಾಗ, ಅದೂ ಅವನ ಕೆಲಸವೇ ಆದ್ದರಿಂದ, ಬ್ಯಾಡ್ಜ್ ಇಟ್ಟು ನಿಲ್ಲಿಸಬಹುದೇ? ಹಾಗೆಯೇ, ಲೀಸ್ ಬೇಡವೆಂದು ನಾವೇ ಕಾರು ಕೊಂಡು ರಸ್ತೆ ತೆರಿಗೆಯ ವಿನಾಯಿತಿ ಮಾತ್ರ ಪಡೆದರೆ ನಿಯಮಗಳು ಸಡಿಲವಾಗುತ್ತವೆಯೇ?

ಮೂರನೆಯ ಉತ್ತರ

ಬ್ಯಾಡ್ಜ್ ಬಳಸುವಂತಿಲ್ಲ. ಕಾರಿನ ನಿಯಮವನ್ನೂ ಬ್ಯಾಡ್ಜಿನ ನಿಯಮವನ್ನೂ ಒಂದೇ ಎಂದು ತಿಳಿದು ತೊಂದರೆಗೆ ಸಿಲುಕುವ ಕುಟುಂಬಗಳು ಅನೇಕ. ಬ್ಲೂ ಬ್ಯಾಡ್ಜ್ ಕಾರಿಗೆ ಸೇರಿದ್ದಲ್ಲ, ಮಗುವಿಗೆ ಸೇರಿದ್ದು. ಅವನು ಯಾರ ಕಾರಿನಲ್ಲಿ ಹೋದರೂ ಅದು ಅವನೊಂದಿಗೆ ಹೋಗುತ್ತದೆ. ಅವನು ಪ್ರಯಾಣದಲ್ಲಿದ್ದಾಗ, ಅಥವಾ ಅವನನ್ನು ಇಳಿಸಲು ಇಲ್ಲವೇ ಹತ್ತಿಸಿಕೊಳ್ಳಲು ಬಂದಾಗ ಮಾತ್ರ ಅದನ್ನು ಬಳಸಬೇಕು. ಔಷಧಿ ಅವನದೇ ಆಗಿದ್ದರೂ ಅವನು ಜೊತೆಗಿಲ್ಲದಿದ್ದರೆ ತಾವು ಸಾಮಾನ್ಯ ಜಾಗದಲ್ಲಿ ನಿಲ್ಲಿಸಬೇಕು. ದುರ್ಬಳಕೆಗೆ 1,000 ಪೌಂಡ್‌ವರೆಗೆ ದಂಡವಿದೆ, ಬ್ಯಾಡ್ಜನ್ನು ಕಿತ್ತುಕೊಳ್ಳುವುದೂ ಉಂಟು. ಒಬ್ಬರೇ ಹೊರಡುವಾಗ ಅದನ್ನು ಡ್ಯಾಶ್‌ಬೋರ್ಡಿನ ಮೇಲಿಂದ ತೆಗೆದಿಡುವ ಅಭ್ಯಾಸ ಒಳ್ಳೆಯದು. ಬಾಗಿಲನ್ನು ಪೂರ್ತಿ ತೆರೆದರಷ್ಟೇ ಗಾಲಿಕುರ್ಚಿ ಇಳಿಸಬಲ್ಲ ಇನ್ನೊಂದು ತಾಯಿಗೆ ಆ ಅಗಲದ ಜಾಗ ಬೇಕಿರುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ!

ಸ್ವಂತ ಕಾರಿನ ತೆರಿಗೆ ವಿನಾಯಿತಿಯ ನಿಯಮ ಸಡಿಲವಾಗಿಲ್ಲ, ಬರವಣಿಗೆಯಲ್ಲಿ ಇನ್ನೂ ಬಿಗಿಯಾಗಿಯೇ ಇದೆ. ವಾಹನವು ಅಂಗವೈಕಲ್ಯವುಳ್ಳವರ ಹೆಸರಿನಲ್ಲಿ ಅಥವಾ ಅವರು ನೇಮಿಸಿದ ಚಾಲಕರ ಹೆಸರಿನಲ್ಲಿ ನೋಂದಣಿಯಾಗಿರಬೇಕು, ಅವರ ವೈಯಕ್ತಿಕ ಅಗತ್ಯಗಳಿಗೆ ಮಾತ್ರ ಬಳಕೆಯಾಗಬೇಕು, ಚಾಲಕರು ತಮ್ಮ ಸ್ವಂತ ಅಗತ್ಯಗಳಿಗೆ ಬಳಸಬಾರದು ಎಂದು ಸರ್ಕಾರದ ಸೂಚನೆಯಲ್ಲಿ ನೇರವಾಗಿಯೇ ಇದೆ. ಒಂದು ಹೊತ್ತಿಗೆ ಒಂದೇ ವಾಹನಕ್ಕೆ ಈ ವಿನಾಯಿತಿ. ಮನೆಯಲ್ಲಿ ಎರಡನೆಯ ಕಾರು ಇದ್ದರೆ ಯಜಮಾನರ ಕಚೇರಿಯ ಓಡಾಟವನ್ನು ಅದಕ್ಕೆ ಬಿಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಮೊದಲ ಉತ್ತರ ಬರೆದವರು

ಒಂದು ಸಂಗತಿಯನ್ನು ಸೇರಿಸಬೇಕೆನಿಸಿತು. ಇಂಗ್ಲೆಂಡಿನಲ್ಲಿ ಹದಿನಾರು ವರ್ಷವಾದಾಗ ಡಿಎಲ್‌ಎ ಬದಲು ದೊಡ್ಡವರಿಗಿರುವ ಅಂಥದೇ ಭತ್ಯೆಯಾದ ಪಿಐಪಿಗೆ ಅರ್ಜಿ ಸಲ್ಲಿಸಬೇಕು. ಅದರಲ್ಲಿ ಓಡಾಟದ ಭಾಗವು ಎನ್‌ಹ್ಯಾನ್ಸ್ಡ್ (ಹೆಚ್ಚಿನ) ರೇಟಿನಲ್ಲಿ ಸಿಕ್ಕಿದರೆ ಮಾತ್ರ ಕಾರು ಮುಂದುವರಿಯುತ್ತದೆ. ಆ ವಯಸ್ಸಿನಲ್ಲಿ ಅಪಾಯಿಂಟಿಯ ಸ್ಥಾನವೂ ತಾನಾಗಿ ಮುಂದುವರಿಯುವುದಿಲ್ಲ, ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬಲ್ಲ ಮಗ ತಾನೇ ಸಹಿ ಹಾಕುತ್ತಾನೆ. ಆಗ ಯಾರ ಹೆಸರನ್ನು ಚಾಲಕರಾಗಿ ಸೇರಿಸಬೇಕು ಎಂದು ತೀರ್ಮಾನಿಸುವವನೂ ಅವನೇ. ಆ ದರದ ಭತ್ಯೆ ಇರುವವರು ಹದಿನೇಳರ ಬದಲು ಹದಿನಾರಕ್ಕೇ ಕಾರು ಓಡಿಸಬಹುದಾದ್ದರಿಂದ, ಅವನ ದೇಹಸ್ಥಿತಿ ಅನುವು ಮಾಡಿಕೊಟ್ಟರೆ, ಆ ಹೆಸರುಗಳಲ್ಲಿ ಮೊದಲನೆಯದು ಅವನದೇ ಆಗಿರಬಹುದು.